ಟ್ರ್ಯಾಕ್ಟರ್ ಹೆಡ್‌ಲೈಟಿನ ದೋಷಗಳು: ಪತ್ತೆ ಮತ್ತು ಪರಿಹಾರ

ಟ್ರ್ಯಾಕ್ಟರ್ ಇಂದು ಉಳುಮೆಗೆ ಮಾತ್ರ ಸೀಮಿತವಾಗಿಲ್ಲ. ಗೊಬ್ಬರ, ಮೇವು, ಕಾಳುಕಡಿಗಳ ಸಾಗಾಣಿಕೆಗೂ ರೈತರು ಅದನ್ನೇ ನೆಚ್ಚಿಕೊಂಡಿದ್ದಾರೆ. ಮಂಡ್ಯ, ಬೆಳಗಾವಿ, ಬಾಗಲಕೋಟೆ ಮುಂತಾದ ಜಿಲ್ಲೆಗಳಲ್ಲಿ ಕಬ್ಬು ಅರೆಯುವ ಹಂಗಾಮು ಬಂತೆಂದರೆ ಕಬ್ಬು ತುಂಬಿದ ಟ್ರೈಲರುಗಳು ಹಗಲಿರುಳೆನ್ನದೆ ಕಾರ್ಖಾನೆಗಳ ಕಡೆಗೆ ಸಾಗುತ್ತವೆ. ಇಂತಹ ಸಮಯದಲ್ಲಿ ದೀಪ ಕೈಕೊಟ್ಟರೆ ಆಗುವ ನಷ್ಟ ಒಂದು ಬಲ್ಬಿನ ಬೆಲೆಯಷ್ಟೇ ಅಲ್ಲ. ಪ್ರಾಣಕ್ಕೇ ಅಪಾಯ ಒದಗಬಹುದು.

ಒಂದು ಸರಳ ಲೆಕ್ಕವನ್ನು ಗಮನಿಸಬಹುದು. ತುಂಬಿದ ಟ್ರೈಲರ್ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುತ್ತಿದೆ, ಹಿಂದಿನಿಂದ ಮೋಟಾರ್ ಸೈಕಲ್ಲೊಂದು ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುತ್ತಿದೆ. ದೀಪವಿಲ್ಲದ ಟ್ರೈಲರ್ ಸವಾರನಿಗೆ 30 ಮೀಟರ್ ದೂರದಲ್ಲಿ ಕಂಡರೆ, ಅವನಿಗೆ ಉಳಿಯುವ ಕಾಲ 3 ಸೆಕೆಂಡಿಗೂ ಕಡಿಮೆ. ಆದುದರಿಂದಲೇ 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳು ರಾತ್ರಿ ವೇಳೆ ರಸ್ತೆಯಲ್ಲಿ ಚಲಿಸುವ ವಾಹನಗಳಿಗೆ ದೀಪವನ್ನು ಕಡ್ಡಾಯಗೊಳಿಸಿವೆ.

ದೀಪ ಉರಿಯದಿದ್ದಾಗ ಕೂಡಲೇ ಬಲ್ಬು ಬದಲಾಯಿಸುವುದು ಸಾಮಾನ್ಯ ರೂಢಿ. ಬಲ್ಬು ತೆಗೆದು ಹಾಕುವಾಗ ಹೋಲ್ಡರಿನ ಕಿಲುಬು ಸ್ವಲ್ಪ ಉಜ್ಜಿಹೋಗುವುದರಿಂದ ನಾಲ್ಕು ದಿನ ದೀಪ ಉರಿಯುತ್ತದೆ. ನಂತರ ಹಳೆಯ ದೋಷವೇ ಮರಳಿ ಬರುತ್ತದೆ. ದೋಷ ಬಲ್ಬಿನಲ್ಲಿರದೆ ಜೋಡಣೆಗಳಲ್ಲಿ, ಅದರಲ್ಲೂ ಅರ್ತಿಂಗ್ ಜೋಡಣೆಯಲ್ಲಿ ಇರುವ ಸಂದರ್ಭಗಳು ಬಹಳ. ಬ್ಯಾಟರಿಯಿಂದ ಹೊರಟು ಕ್ರಮವಾಗಿ ಪರೀಕ್ಷಿಸುತ್ತಾ ಹೋದರೆ ದೋಷವನ್ನು ರೈತರೇ ಪತ್ತೆಮಾಡಬಹುದು.

ವಿದ್ಯುತ್ತು ಹರಿಯುವ ದಾರಿ

ಸಾಮಾನ್ಯವಾಗಿ ಟ್ರ್ಯಾಕ್ಟರುಗಳಲ್ಲಿ 12 ವೋಲ್ಟಿನ ಬ್ಯಾಟರಿ ಇರುತ್ತದೆ. ಬ್ಯಾಟರಿಯ ಪ್ಲಸ್ ತುದಿಯಿಂದ ಹೊರಟ ವಿದ್ಯುತ್ತು ಫ್ಯೂಸು, ಲೈಟ್ ಸ್ವಿಚ್ಚು, ಡಿಮ್-ಡಿಪ್ ಸ್ವಿಚ್ಚುಗಳನ್ನು ಹಾದು ಬಲ್ಬನ್ನು ಸೇರುತ್ತದೆ. ಕೆಲವು ಮಾದರಿಗಳಲ್ಲಿ ನಡುವೆ ರಿಲೇ ಇರುತ್ತದೆ. ಬಲ್ಬಿನಿಂದ ಹೊರಬಂದ ವಿದ್ಯುತ್ತು ಅರ್ತಿಂಗ್ ವೈರಿನ ಮೂಲಕ ಟ್ರ್ಯಾಕ್ಟರಿನ ಕಬ್ಬಿಣದ ಮೈಯನ್ನು ಸೇರಿ ಬ್ಯಾಟರಿಯ ಮೈನಸ್ ತುದಿಗೆ ಹಿಂದಿರುಗುತ್ತದೆ. ಕಾಲುವೆಯ ನೀರು ಗದ್ದೆಗೆ ಬರಲು ಒಂದೇ ದಾರಿ ಸಾಕು. ವಿದ್ಯುತ್ತಿಗಾದರೋ ಬರುವ ದಾರಿಯೂ ಬೇಕು, ಹಿಂದಿರುಗುವ ದಾರಿಯೂ ಬೇಕು. ಎರಡರಲ್ಲಿ ಯಾವುದು ಕಡಿದರೂ ದೀಪ ಉರಿಯದು.

ಬೇಕಾಗುವ ಸಾಮಗ್ರಿಗಳು

12 ವೋಲ್ಟ್, 5 ವ್ಯಾಟಿನ ಚಿಕ್ಕ ಬಲ್ಬನ್ನು ಹೋಲ್ಡರಿಗೆ ಸಿಕ್ಕಿಸಿ ಎರಡು ಉದ್ದನೆಯ ವೈರುಗಳನ್ನು ಜೋಡಿಸಬೇಕು. ಒಂದರ ತುದಿಗೆ ಕ್ಲಿಪ್ಪು, ಇನ್ನೊಂದರ ತುದಿಗೆ ಮೊಳೆ ಕಟ್ಟಿದರೆ ಪರೀಕ್ಷಾ ದೀಪ ಸಿದ್ಧವಾಯಿತು. ಇದರೊಂದಿಗೆ ಸಾಧಾರಣ ಮಲ್ಟಿಮೀಟರ್, ಸ್ಪ್ಯಾನರು, ಸ್ಕ್ರೂಡ್ರೈವರು, ಉಪ್ಪುಕಾಗದ, ಇನ್ಸುಲೇಶನ್ ಟೇಪು ಮತ್ತು ಎರಡು ಮೀಟರ್ ದಪ್ಪ ವೈರು ಇದ್ದರೆ ಸಾಕು.

ಮೊದಲು ಲಕ್ಷಣ ಗುರುತಿಸುವುದು

ಎಡ-ಬಲ ಹೆಡ್‌ಲೈಟುಗಳಿಗೆ ವಿದ್ಯುತ್ತು ಪ್ರತ್ಯೇಕ ಕವಲುಗಳಲ್ಲಿ ಹೋಗುತ್ತದೆ. ಆದುದರಿಂದ ಯಾವ ದೀಪ ಕೆಟ್ಟಿದೆ ಎಂಬುದೇ ದೋಷವಿರುವ ಜಾಗವನ್ನು ಸೂಚಿಸುತ್ತದೆ.

ಅ) ಒಂದೇ ಹೆಡ್‌ಲೈಟು ಉರಿಯದಿದ್ದರೆ ಆ ಬದಿಯ ಬಲ್ಬು, ಹೋಲ್ಡರು ಅಥವಾ ಅರ್ತಿಂಗ್ ನೋಡಬೇಕು. ಬದಿಗೊಂದು ಫ್ಯೂಸಿರುವ ಮಾದರಿಗಳಲ್ಲಿ ಅದನ್ನೂ ನೋಡಬೇಕು.

ಆ) ಎರಡೂ ಉರಿಯದಿದ್ದರೆ ಫ್ಯೂಸು, ಸ್ವಿಚ್ಚು ಅಥವಾ ರಿಲೇ ನೋಡಬೇಕು.

ಇ) ಎರಡರಲ್ಲೂ ಡಿಮ್ ಮಾತ್ರ ಅಥವಾ ದೂರದ ಬೆಳಕು ಮಾತ್ರ ಬರದಿದ್ದರೆ ಡಿಮ್-ಡಿಪ್ ಸ್ವಿಚ್ಚನ್ನು ಮೊದಲು ಪರೀಕ್ಷಿಸಬೇಕು.

ಈ) ಡಿಮ್ ಹಾಕಿದಾಗ ಒಂದು ದೀಪ ಮಂಕಾಗಿ, ಮೀಟರ್ ಬೋರ್ಡಿನ ನೀಲಿ ದೀಪವೂ ಮಿಣುಕಿದರೆ ಆ ಬದಿಯ ಅರ್ತಿಂಗ್ ಕಡಿದಿರುವ ಸಂಭವ ಹೆಚ್ಚು. ಹಿಂದಿರುಗುವ ದಾರಿ ಕಾಣದ ವಿದ್ಯುತ್ತು ಬಲ್ಬಿನ ಇನ್ನೊಂದು ತಂತಿಯ ಮೂಲಕ ಅಡ್ಡದಾರಿ ಹಿಡಿದಿರುತ್ತದೆ.

ಉ) ಬಲ್ಬುಗಳು ಪದೇ ಪದೇ ಸುಡುತ್ತಿದ್ದರೆ ವೋಲ್ಟೇಜ್ ಹೆಚ್ಚಿರಬಹುದು ಅಥವಾ ಹೆಡ್‌ಲೈಟು ಸಡಿಲವಾಗಿ ಅದುರುತ್ತಿರಬಹುದು.

ಹಂತ ಹಂತವಾಗಿ ಪರೀಕ್ಷೆ

1. ಬ್ಯಾಟರಿ: ಎಂಜಿನ್ ನಿಲ್ಲಿಸಿ ಕೆಲವು ಗಂಟೆಗಳ ನಂತರ ಅಳೆದಾಗ ಪೂರ್ಣ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12 ವೋಲ್ಟಿಗೆ ಇಳಿದಿದ್ದರೆ ಅದು ಬಹುಪಾಲು ಬರಿದಾಗಿದೆ ಎಂದು ತಿಳಿಯಬೇಕು. ಎಂಜಿನ್ ಓಡುವಾಗ ಸುಮಾರು 13.8ರಿಂದ 14.4 ವೋಲ್ಟ್ ಇರಬೇಕು. ಏರದಿದ್ದರೆ ಚಾರ್ಜಿಂಗ್ ದೋಷ. 15 ವೋಲ್ಟ್ ದಾಟಿದರೆ ರೆಗ್ಯುಲೇಟರ್ ದೋಷ. ಟರ್ಮಿನಲ್ಲುಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕೂತಿದ್ದರೆ ಮೊದಲು ಮೈನಸ್, ನಂತರ ಪ್ಲಸ್ ವೈರನ್ನು ಕಳಚಿ, ಬ್ಯಾಟರಿಯ ಮುಚ್ಚಳಗಳು ಬಿಗಿಯಾಗಿವೆಯೇ ಎಂದು ನೋಡಿಕೊಂಡು, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆಯಬೇಕು. ಒಣಗಿದ ನಂತರ ಮೊದಲು ಪ್ಲಸ್, ಕೊನೆಗೆ ಮೈನಸ್ ಜೋಡಿಸಿ, ಬಿಗಿಮಾಡಿ, ವ್ಯಾಸಲಿನ್ ಸವರಬೇಕು. ಬ್ಯಾಟರಿಯಿಂದ ಹೊರಬರುವ ಜಲಜನಕ ಹೊತ್ತಿಕೊಳ್ಳುವ ಅನಿಲವಾದುದರಿಂದ ಹತ್ತಿರ ಬೀಡಿ, ಬೆಂಕಿಕಡ್ಡಿ ಕೂಡದು.

2. ಫ್ಯೂಸು: ಪರೀಕ್ಷಾ ದೀಪದ ಕ್ಲಿಪ್ಪನ್ನು ಬ್ಯಾಟರಿಯ ಮೈನಸ್ ತುದಿಗೆ ಹಾಕಿ, ಲೈಟ್ ಸ್ವಿಚ್ಚು ಆನ್ ಇಟ್ಟು, ಮೊಳೆಯನ್ನು ಫ್ಯೂಸಿನ ಎರಡೂ ತುದಿಗಳಿಗೆ ಮುಟ್ಟಿಸಬೇಕು. ಎರಡೂ ಕಡೆ ಉರಿದರೆ ಫ್ಯೂಸು ಸರಿಯಿದೆ. ಒಂದೇ ಕಡೆ ಉರಿದರೆ ಸುಟ್ಟಿದೆ. ಹೊಸ ಫ್ಯೂಸೂ ಕೂಡಲೇ ಸುಟ್ಟರೆ ಎಲ್ಲೋ ವೈರಿನ ಸಿಪ್ಪೆ ಸವೆದು ಕಬ್ಬಿಣಕ್ಕೆ ತಗುಲುತ್ತಿದೆ ಎಂದರ್ಥ. ಬಾನೆಟ್ಟಿನ ಅಂಚು, ವೈರು ತೂರುವ ರಂಧ್ರಗಳು ಮತ್ತು ಇಲಿ ಕಡಿದಿರಬಹುದಾದ ಜಾಗಗಳನ್ನು ನೋಡಬೇಕು.

3. ಸ್ವಿಚ್ಚು ಮತ್ತು ರಿಲೇ: ಸ್ವಿಚ್ಚಿಗೆ ಬರುವ ವೈರಿನಲ್ಲಿ ಪರೀಕ್ಷಾ ದೀಪ ಉರಿದು, ಆನ್ ಮಾಡಿದಾಗಲೂ ಹೊರಡುವ ವೈರಿನಲ್ಲಿ ಉರಿಯದಿದ್ದರೆ ಸ್ವಿಚ್ಚು ಕೆಟ್ಟಿದೆ. ಡಿಮ್-ಡಿಪ್ ಸ್ವಿಚ್ಚಿಗೂ ಇದೇ ಪರೀಕ್ಷೆ. ರಿಲೇ ಇದ್ದರೆ ಅದರ 30ನೇ ತುದಿಯಲ್ಲಿ ಬ್ಯಾಟರಿಯ ವಿದ್ಯುತ್ತು ಇರಬೇಕು. ದೀಪ ಹಾಕಿದಾಗ 87ನೇ ತುದಿಯಲ್ಲೂ ಬರಬೇಕು. ‘ಟಕ್’ ಎಂಬ ಸದ್ದು ಬಂದೂ 87ರಲ್ಲಿ ವಿದ್ಯುತ್ತು ಇಲ್ಲದಿದ್ದರೆ ರಿಲೇ ಬದಲಾಯಿಸಬೇಕು.

4. ಬಲ್ಬು ಮತ್ತು ಹೋಲ್ಡರು: ಬಲ್ಬನ್ನು ಬ್ಯಾಟರಿಗೆ ನೇರವಾಗಿ ಜೋಡಿಸಿ ನೋಡಿದರೆ ಅನುಮಾನ ತೀರುತ್ತದೆ. ಕರಗಿದ, ಕಪ್ಪಾದ ಹೋಲ್ಡರನ್ನು ಬದಲಾಯಿಸಲೇಬೇಕು. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದು. ಕೈಯ ಜಿಡ್ಡು ತಗುಲಿದ ಕಡೆ ಗಾಜು ಅತಿಯಾಗಿ ಕಾದು ಬಲ್ಬು ಬೇಗ ಹಾಳಾಗುತ್ತದೆ.

5. ಅರ್ತಿಂಗ್: ಹೋಲ್ಡರಿನ ತನಕ ವಿದ್ಯುತ್ತು ಬಂದು, ಬಲ್ಬೂ ಸರಿಯಿದ್ದು, ದೀಪ ಉರಿಯದಿದ್ದರೆ ಅಥವಾ ಮಂಕಾಗಿದ್ದರೆ ದಪ್ಪ ವೈರಿನ ಒಂದು ತುದಿಯನ್ನು ಹೋಲ್ಡರಿನ ಅರ್ತಿಂಗ್ ತುದಿಗೂ ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೂ ಜೋಡಿಸಬೇಕು. ಕೂಡಲೇ ದೀಪ ಪ್ರಖರವಾದರೆ ದೋಷ ಅರ್ತಿಂಗಿನದೇ. ಅರ್ತಿಂಗ್ ಬೋಲ್ಟನ್ನು ಬಿಚ್ಚಿ, ತುಕ್ಕು ಮತ್ತು ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ, ಹೊಳೆಯುವ ಲೋಹದ ಮೇಲೆ ಬಿಗಿಯಾಗಿ ಕೂರಿಸಿ ಗ್ರೀಸ್ ಸವರಬೇಕು.

ಮಲ್ಟಿಮೀಟರ್ 12 ತೋರಿಸಿದರೂ ಬೆಳಕು ಮಂದವೇಕೆ?

ಬಲ್ಬು ಕಳಚಿ ಹೋಲ್ಡರಿನಲ್ಲಿ ಅಳೆದಾಗ 12 ವೋಲ್ಟ್ ಬಂತೆಂದು ವೈರಿಂಗ್ ಸರಿಯಿದೆ ಎಂದು ತೀರ್ಮಾನಿಸುವುದು ತಪ್ಪು. ಮೀಟರ್ ಎಳೆಯುವ ವಿದ್ಯುತ್ತು ಅತ್ಯಲ್ಪ. 55 ವ್ಯಾಟಿನ ಬಲ್ಬಾದರೋ ಸುಮಾರು 4.6 ಆಂಪಿಯರ್ ಎಳೆಯುತ್ತದೆ. ಉರಿಯುವ ಬಲ್ಬಿನ ರೋಧ ಸುಮಾರು 2.6 ಓಮ್ ಮಾತ್ರ. ಕಿಲುಬು ಹಿಡಿದ ಜೋಡಣೆಯಲ್ಲಿ ಅರ್ಧ ಓಮ್ ರೋಧವಿದ್ದರೂ ಸುಮಾರು 2 ವೋಲ್ಟ್ ಅಲ್ಲಿಯೇ ನಷ್ಟವಾಗಿ ಬಲ್ಬಿಗೆ 10 ವೋಲ್ಟ್ ಮಾತ್ರ ಸಿಗುತ್ತದೆ. ವೋಲ್ಟೇಜ್ ಶೇಕಡ 10ರಷ್ಟು ಇಳಿದರೆ ಬೆಳಕು ಸುಮಾರು ಶೇಕಡ 30ರಷ್ಟು ಇಳಿಯುವುದರಿಂದ, ಈ 2 ವೋಲ್ಟಿನ ನಷ್ಟದಿಂದ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ.

ಆದುದರಿಂದ ದೀಪ ಉರಿಯುತ್ತಿರುವಾಗಲೇ ಅಳೆಯತಕ್ಕದ್ದು. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಹೋಲ್ಡರಿನ ಅರ್ತಿಂಗ್ ತುದಿಗೂ ಇಟ್ಟಾಗ 0.2 ವೋಲ್ಟಿಗಿಂತ ಹೆಚ್ಚು ಬರಬಾರದು. ಬ್ಯಾಟರಿಯ ಪ್ಲಸ್ಸಿನಿಂದ ಬಲ್ಬಿನವರೆಗಿನ ನಷ್ಟ 0.5 ವೋಲ್ಟಿನೊಳಗಿರಬೇಕು.

ಟ್ರೈಲರಿನ ಹಿಂದಿನ ದೀಪಗಳು

ಹಿಂದಿನ ದೀಪಗಳಿಗೆ ವಿದ್ಯುತ್ತು ಸಾಮಾನ್ಯವಾಗಿ ಏಳು ಪಿನ್ನಿನ ಸಾಕೆಟ್ಟಿನ ಮೂಲಕ ಹೋಗುತ್ತದೆ. ಇದರಲ್ಲಿ ಅರ್ತಿಂಗ್ ಪಿನ್ನು ಕೆಟ್ಟರೆ ವಿದ್ಯುತ್ತು ಕೊಂಡಿಯ ಮೂಲಕ ಹಿಂದಿರುಗಲು ನೋಡುತ್ತದೆ. ಕೊಂಡಿಯಲ್ಲಿ ತುಕ್ಕು, ಗ್ರೀಸ್, ಮಣ್ಣು ತುಂಬಿರುವುದರಿಂದ ಗಾಡಿ ಕುಲುಕಿದಂತೆ ದೀಪ ಹೊತ್ತುತ್ತದೆ, ಆರುತ್ತದೆ. ಇಂಡಿಕೇಟರ್ ಹಾಕಿದರೆ ಹಿಂದಿನ ಎಲ್ಲ ದೀಪಗಳೂ ಒಟ್ಟಿಗೆ ಮಿಣುಕುವುದೂ ಇದೇ ದೋಷದ ಗುರುತು. ಪಿನ್ನುಗಳನ್ನು ಉಜ್ಜಿ, ಟ್ರೈಲರಿನ ಚಾಸಿಗೆ ಅರ್ತಿಂಗ್ ವೈರನ್ನು ಭದ್ರವಾಗಿ ಬೋಲ್ಟ್ ಮಾಡಬೇಕು.

ಮಾಡಬಾರದ ಕೆಲಸಗಳು

* ಸುಟ್ಟ ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿಯನ್ನಾಗಲಿ ಸಿಗರೇಟ್ ಪೊಟ್ಟಣದ ಹಾಳೆಯನ್ನಾಗಲಿ ಹಾಕಬಾರದು. ಶಾರ್ಟ್ ಆದಾಗ ನೂರಾರು ಆಂಪಿಯರ್ ಹರಿದು ವೈರು ಹೊತ್ತಿಕೊಳ್ಳುತ್ತದೆ. ಹತ್ತಿರದಲ್ಲೇ ಡೀಸೆಲ್, ಹಿಂದೆ ಒಣ ರವದಿ ಅಥವಾ ಹುಲ್ಲು ಇರುತ್ತದೆಂಬುದನ್ನು ಮರೆಯಬಾರದು.

* 55 ವ್ಯಾಟಿನ ಜಾಗಕ್ಕೆ 100 ವ್ಯಾಟಿನ ಬಲ್ಬು ಹಾಕಿದರೆ ಸ್ವಿಚ್ಚು, ಹೋಲ್ಡರು ಕರಗುತ್ತವೆ. ಎದುರಿನವರ ಕಣ್ಣೂ ಕುಕ್ಕುತ್ತದೆ.

* ಹೆಚ್ಚುವರಿ ದೀಪಗಳನ್ನು ಹೆಡ್‌ಲೈಟಿನ ವೈರಿಗೇ ತಿರುಚಿ ಕಟ್ಟಬಾರದು. ಪ್ರತ್ಯೇಕ ಫ್ಯೂಸು ಮತ್ತು ರಿಲೇ ಇರಬೇಕು.

* ಕಾರ್ಖಾನೆಯ ಮುಂದೆ ಸರದಿಗೆ ಕಾಯುವಾಗ ಎಂಜಿನ್ ನಿಲ್ಲಿಸಿ ಹೆಡ್‌ಲೈಟ್ ಹಾಕಿಡಬಾರದು. ಎರಡು ಬಲ್ಬುಗಳು 9 ಆಂಪಿಯರಿಗೂ ಹೆಚ್ಚು ಎಳೆಯುವುದರಿಂದ 75 ಆಂಪಿಯರ್-ಗಂಟೆಯ ಹೊಸ ಬ್ಯಾಟರಿಯೂ ಸುಮಾರು 8 ಗಂಟೆಗಳಲ್ಲಿ ಬರಿದಾಗುತ್ತದೆ. ಎಂಜಿನ್ ಚಾಲೂ ಮಾಡುವ ಶಕ್ತಿಯಂತೂ ಅದಕ್ಕೆ ಬಹಳ ಮೊದಲೇ ಹೋಗಿರುತ್ತದೆ.

ಹಂಗಾಮಿಗೆ ಮುನ್ನ

ಕಬ್ಬಿನ ಕಟಾವು ಆರಂಭವಾಗುವ ಮೊದಲೇ ಒಂದು ಬಿಡುವಿನ ದಿನ ಎಲ್ಲ ಜೋಡಣೆಗಳನ್ನು ಉಜ್ಜಿ ಬಿಗಿಮಾಡಿಸಬೇಕು. ಕೆಸರುಗದ್ದೆಯಲ್ಲಿ ದುಡಿದ ಟ್ರ್ಯಾಕ್ಟರುಗಳಲ್ಲಿ ಇದು ಇನ್ನಷ್ಟು ಅಗತ್ಯ. ಡಬ್ಬಿಯಲ್ಲಿ ತಯಾರಕರು ಸೂಚಿಸಿದ ಅಳತೆಯ ಎರಡು ಫ್ಯೂಸು, ಒಂದು ಬಲ್ಬು ಮತ್ತು ಪರೀಕ್ಷಾ ದೀಪ ಸದಾ ಇರಬೇಕು. ಟ್ರೈಲರಿನ ಹಿಂಭಾಗಕ್ಕೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸಿ, ಜೋತುಬಿದ್ದ ಕಬ್ಬು ಅದನ್ನು ಮರೆಮಾಡದಂತೆ ನೋಡಿಕೊಳ್ಳಬೇಕು. ವಿದ್ಯುತ್ತು ಕೈಕೊಟ್ಟಾಗಲೂ ಅದು ಕಾಣುತ್ತದೆ. ದಾರಿಯಲ್ಲಿ ದೀಪ ಕೆಟ್ಟು ಅಲ್ಲಿಯೇ ಸರಿಪಡಿಸಲಾಗದಿದ್ದರೆ, ಗಾಡಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ ಬೆಳಗಾಗುವವರೆಗೆ ಕಾಯುವುದೇ ಲೇಸು. ಒಂದು ರಾತ್ರಿ ತಡವಾದರೆ ಕಬ್ಬಿನ ತೂಕ ಸ್ವಲ್ಪ ಇಳಿಯಬಹುದು. ದೀಪವಿಲ್ಲದೆ ಹೊರಟು ಆಗುವ ನಷ್ಟವನ್ನು ಯಾವ ಕಾರ್ಖಾನೆಯೂ ತುಂಬಿಕೊಡಲಾರದು.