ಸುಳ್ಳಿನ ಚಟ ಮತ್ತು ಸತ್ಯವಂತರ ಸಂಗ

ಸಾಲ ಕೊಟ್ಟವನು ಬಾಗಿಲು ಬಡಿಯುತ್ತಾನೆ. ಒಳಕೋಣೆಯಲ್ಲಿದ್ದ ತಂದೆ ಮಗನನ್ನು ಕರೆದು, "ಅಬ್ಬ ಮನೆಯಲ್ಲಿಲ್ಲ ಎಂದು ಹೇಳು" ಎನ್ನುತ್ತಾನೆ. ಮಗು ಹೋಗಿ ಹಾಗೆಯೇ ಹೇಳುತ್ತದೆ. ಅದೇ ಮಗು ಮುಂದೊಂದು ದಿನ ಶಾಲೆಯ ಅಂಕಪಟ್ಟಿಯನ್ನು ಬಚ್ಚಿಟ್ಟಾಗ ಅದೇ ತಂದೆ ಬೆತ್ತ ಹಿಡಿಯುತ್ತಾನೆ. ನಮ್ಮ ಮನೆಗಳಲ್ಲಿ ಸುಳ್ಳಿನ ಮೊದಲ ಪಾಠ ನಡೆಯುವುದು ಹೆಚ್ಚಾಗಿ ಹೀಗೆಯೇ. ಒಬ್ಬ ತಾಯಿ ತನ್ನ ಪುಟ್ಟ ಮಗನನ್ನು, ಬಾ ನಿನಗೊಂದು ವಸ್ತು ಕೊಡುತ್ತೇನೆ ಎಂದು ಕರೆದಾಗ, ಏನು ಕೊಡಬೇಕೆಂದಿರುವೆ ಎಂದು ಪ್ರವಾದಿವರ್ಯರು(ಸ) ವಿಚಾರಿಸಿದ ಪ್ರಸಂಗ ಅಬೂದಾವೂದ್‌ನಲ್ಲಿದೆ. ಖರ್ಜೂರ ಎಂದು ಆಕೆ ಉತ್ತರಿಸಿದರು. ಏನನ್ನೂ ಕೊಡದಿರುತ್ತಿದ್ದರೆ ನಿನ್ನ ಹೆಸರಲ್ಲಿ ಒಂದು ಸುಳ್ಳು ದಾಖಲಾಗುತ್ತಿತ್ತು ಎಂದು ಪ್ರವಾದಿವರ್ಯರು(ಸ) ತಿಳಿಸಿದರು. ಒಂದು ಖರ್ಜೂರದಷ್ಟು ಸಣ್ಣ ಮಾತಿಗೂ ಲೆಕ್ಕವಿದೆ!

ಆದರೆ ಇಲ್ಲಿ ನಾವು ವಿಶೇಷವಾಗಿ ಹೇಳಹೊರಟಿರುವುದು ಆಗೊಮ್ಮೆ ಈಗೊಮ್ಮೆ ಸುಳ್ಳಾಡುವವರ ಕುರಿತಲ್ಲ. ಸುಳ್ಳೇ ಚಟವಾಗಿಬಿಟ್ಟವರ ಕುರಿತು. ಇವರಿಗೆ ಲಾಭವೇ ಬೇಕೆಂದಿಲ್ಲ. ಪೇಟೆಯಿಂದ ಬಂದಿದ್ದರೂ ಮಸೀದಿಯಿಂದ ಬಂದೆ ಎನ್ನುತ್ತಾರೆ. ಇಲ್ಲದ ವ್ಯಾಪಾರವನ್ನು ಇದೆ ಎನ್ನುತ್ತಾರೆ. ಒಂದನ್ನು ಮುಚ್ಚಲು ಇನ್ನೊಂದು, ಅದನ್ನು ಮುಚ್ಚಲು ಮತ್ತೊಂದು. ಕೊನೆಗೆ ಹೆಂಡತಿ ನಂಬುವುದಿಲ್ಲ, ಅಣ್ಣ ತಮ್ಮಂದಿರು ನಂಬುವುದಿಲ್ಲ. ನಿಜ ಹೇಳಿದ ದಿನವೂ ಯಾರೂ ನಂಬುವುದಿಲ್ಲ. ರಾತ್ರಿ ಮಲಗುವಾಗ ಪಶ್ಚಾತ್ತಾಪ ಪಡುತ್ತಾರೆ, ಬೆಳಗಾದರೆ ನಾಲಿಗೆ ಅದೇ ದಾರಿ ಹಿಡಿಯುತ್ತದೆ.

ಮನುಷ್ಯನು ಸುಳ್ಳು ಹೇಳುತ್ತಾ, ಸುಳ್ಳನ್ನೇ ಅರಸುತ್ತಾ ಕೊನೆಗೆ ಅಲ್ಲಾಹನ ಬಳಿ ಮಹಾ ಸುಳ್ಳುಗಾರನೆಂದು ಬರೆಯಲ್ಪಡುತ್ತಾನೆ ಎಂಬರ್ಥದ ಹದೀಸನ್ನು ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿದ್ದಾರೆ. ಸತ್ಯದ ಬಗ್ಗೆಯೂ ಅದರಲ್ಲಿ ಇದೇ ಮಾತಿದೆ. ಅಂದರೆ ಎರಡೂ ಅಭ್ಯಾಸದಿಂದ ಬೆಳೆಯುತ್ತವೆ. 2016ರಲ್ಲಿ ಲಂಡನಿನ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಸ್ವಾರ್ಥಕ್ಕಾಗಿ ಮೊದಲು ಸುಳ್ಳಾಡುವಾಗ ಮೆದುಳಿನ ಭಾವನೆಯ ಕೇಂದ್ರವೊಂದು ಬಲವಾಗಿ ಸ್ಪಂದಿಸುತ್ತದೆ, ಸುಳ್ಳು ಪುನರಾವರ್ತನೆಯಾದಂತೆ ಆ ಸ್ಪಂದನ ಕುಗ್ಗುತ್ತಾ ಸುಳ್ಳಿನ ಗಾತ್ರ ಹಿಗ್ಗುತ್ತದೆ ಎಂದು ಕಂಡುಬಂತು. ಮನೋವೈದ್ಯ ಆಂಟನ್ ಡೆಲ್ಬ್ರೂಕ್ ಇಂಥ ಸುಳ್ಳುಗಾರಿಕೆಯ ಬಗ್ಗೆ 1891ರಲ್ಲೇ ಬರೆದಿದ್ದರು. ಆದರೂ ಅಮೆರಿಕದ ಮನೋವೈದ್ಯರ ಕೈಪಿಡಿ ಇಂದಿಗೂ ಇದನ್ನು ಪ್ರತ್ಯೇಕ ರೋಗವೆಂದು ಪಟ್ಟಿ ಮಾಡಿಲ್ಲ. ಒಂದು ಮಾತ್ರೆ ನುಂಗಿದರೆ ಹೋಗುವಂಥದ್ದಲ್ಲ ಇದು.

ಹಾಗಾದರೆ ದಾರಿ ಯಾವುದು? ಪವಿತ್ರ ಕುರ್‌ಆನಿನ ಅತ್ತೌಬ ಅಧ್ಯಾಯದ 119ನೇ ಸೂಕ್ತದಲ್ಲಿ ಸತ್ಯವಿಶ್ವಾಸಿಗಳಿಗೆ ಒಂದು ಆಜ್ಞೆಯಿದೆ. ಅಲ್ಲಿ ಸತ್ಯ ನುಡಿಯಿರಿ ಎಂದಷ್ಟೇ ಹೇಳಿಲ್ಲ, ಸತ್ಯವಂತರೊಂದಿಗೆ ಇರಬೇಕೆಂದು ಹೇಳಲಾಗಿದೆ. ಈ 'ಒಂದಿಗೆ' ಎಂಬುದನ್ನು ನಾವು ಓದಿ ಮುಂದೆ ಹೋಗಿಬಿಡುತ್ತೇವೆ. ಅದರ ಹಿಂದಿನ ಸೂಕ್ತವು ಮೂವರು ವ್ಯಕ್ತಿಗಳ ತೌಬಾ ಸ್ವೀಕಾರದ ಕುರಿತಾಗಿದೆ. ಅವರಲ್ಲೊಬ್ಬರು ಕಅಬ್ ಬಿನ್ ಮಾಲಿಕ್(ರ).

ಹಿಜರಿ 9ನೇ ವರ್ಷ, ಅಂದರೆ ಕ್ರಿ.ಶ. 630. ಪ್ರವಾದಿವರ್ಯರು(ಸ) ತಬೂಕಿಗೆ ಹೊರಟರು. ಬಿರುಬಿಸಿಲಿನ ಕಾಲ, ಮದೀನಾದಲ್ಲಿ ಹಣ್ಣುಗಳು ಮಾಗಿದ್ದವು. ಕಅಬ್(ರ) ಆಗ ಎಂದಿಗಿಂತಲೂ ಅನುಕೂಲಸ್ಥರಾಗಿದ್ದರು, ಎರಡು ಸವಾರಿ ಒಂಟೆಗಳಿದ್ದವು. ನಾಳೆ ಸಿದ್ಧನಾಗುತ್ತೇನೆ ಎಂದು ದಿನ ದೂಡುತ್ತಾ ಹಿಂದುಳಿದುಬಿಟ್ಟರು. ಸೈನ್ಯ ಮರಳುತ್ತಿದೆ ಎಂದು ತಿಳಿದಾಗ ಅವರ ಮನಸ್ಸು ಸುಳ್ಳು ನೆಪಗಳನ್ನು ಹೊಸೆಯತೊಡಗಿತು. ಮನೆಯವರ ಸಲಹೆಯನ್ನೂ ಕೇಳಿದರು. ಇದನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಎಂಭತ್ತಕ್ಕೂ ಹೆಚ್ಚು ಮಂದಿ ಬಂದು ಆಣೆ ಹಾಕಿ ನೆಪ ಹೇಳಿದರು. ಪ್ರವಾದಿವರ್ಯರು(ಸ) ಅವರ ಹೊರಮಾತನ್ನು ಸ್ವೀಕರಿಸಿ ಅಂತರಂಗವನ್ನು ಅಲ್ಲಾಹನಿಗೆ ಬಿಟ್ಟರು. ಕಅಬ್(ರ) ಕವಿ, ಮಾತಿನ ಚತುರ. ಆದರೆ ಆ ಕ್ಷಣದಲ್ಲಿ ತನಗೆ ಯಾವ ನೆಪವೂ ಇರಲಿಲ್ಲ ಎಂದು ಒಪ್ಪಿಕೊಂಡರು. ಅಲ್ಲಾಹನ ತೀರ್ಪು ಬರುವವರೆಗೆ ಕಾಯಲು ಅವರಿಗೆ ತಿಳಿಸಲಾಯಿತು.

ಮುಂದಿನದ್ದನ್ನು ಗಮನವಿಟ್ಟು ಓದಿರಿ. ಅವರು ಎದ್ದು ಹೊರಟಾಗ ಅವರದೇ ಬುಡಕಟ್ಟಿನ ಕೆಲವರು ಬೆನ್ನು ಹತ್ತಿದರು. ಉಳಿದವರಂತೆ ನೀನೂ ಒಂದು ನೆಪ ಹೇಳಬಾರದಿತ್ತೇ ಎಂದು ಎಷ್ಟು ಕಾಡಿದರೆಂದರೆ, ಹಿಂತಿರುಗಿ ಹೋಗಿ ತಾನು ಹೇಳಿದ್ದು ಸುಳ್ಳೆಂದು ಹೇಳಿಬಿಡೋಣ ಎಂದು ಅವರಿಗೆ ಅನ್ನಿಸಿತು! ಆಗ ಅವರು ಒಂದು ಪ್ರಶ್ನೆ ಕೇಳಿದರು: ನನ್ನ ಹಾಗೆ ಬೇರೆ ಯಾರಾದರೂ ಇದ್ದಾರೆಯೇ? ಇದ್ದಾರೆ, ಮುರಾರ ಬಿನ್ ರಬೀಅ್(ರ) ಮತ್ತು ಹಿಲಾಲ್ ಬಿನ್ ಉಮಯ್ಯ(ರ) ಎಂಬ ಉತ್ತರ ಬಂತು. ಅವರಿಬ್ಬರೂ ಸಜ್ಜನರು, ಅವರಲ್ಲಿ ನನಗೆ ಮಾದರಿಯಿದೆ ಎಂದುಕೊಂಡು ಕಅಬ್(ರ) ಗಟ್ಟಿಯಾಗಿ ನಿಂತರು. ತನ್ನಂತೆಯೇ ಸತ್ಯ ಹೇಳಿ ಕಷ್ಟಕ್ಕೆ ಸಿಲುಕಿದ ಇನ್ನಿಬ್ಬರಿದ್ದಾರೆ ಎಂಬ ಅರಿವೇ ಅವರನ್ನು ಸುಳ್ಳಿನಿಂದ ಕಾಪಾಡಿತು.

ಐವತ್ತು ದಿನ ಯಾರೂ ಅವರೊಂದಿಗೆ ಮಾತಾಡಲಿಲ್ಲ. (ಇದನ್ನು ಓದಿ ಸುಳ್ಳು ಹೇಳುವ ಮಗನನ್ನೋ ಸೊಸೆಯನ್ನೋ ಬಹಿಷ್ಕರಿಸಲು ಹೊರಡಬೇಡಿ. ಆ ಆಜ್ಞೆ ಬಂದದ್ದು ಯಾತ್ರೆಗೆ ಹೋಗದೆ ಹಿಂದುಳಿದದ್ದಕ್ಕಾಗಿ.) ಕ್ಷಮೆಯ ಸುದ್ದಿ ಬಂದ ದಿನ ಮಸೀದಿಯಲ್ಲಿ ತಲ್ಹಾ(ರ) ಎದ್ದು ಓಡಿಬಂದು ಅವರ ಕೈ ಹಿಡಿದು ಅಭಿನಂದಿಸಿದರು. ಕಅಬ್(ರ) ಅದನ್ನು ಎಂದೂ ಮರೆಯಲಿಲ್ಲ.

ನಮ್ಮಲ್ಲಿ ಈ ಚಟವುಳ್ಳವನಿಗೆ ಇಂಥ ಇಬ್ಬರು ಮೂವರು ಸಿಗುತ್ತಾರೆಯೇ? 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಕುಡಿತ ಬಿಟ್ಟದ್ದರಿಂದ ಜಗತ್ತಿನಾದ್ಯಂತ ಹಬ್ಬಿದ ಒಂದು ಸಂಘವೇ ಹುಟ್ಟಿತು. ಸುಳ್ಳಿನಿಂದ ಬೇಸತ್ತವರೂ ಹಾಗೆಯೇ ಕೂಡಬಹುದು. ವಾರಕ್ಕೆರಡು ದಿನ ಇಶಾ ನಮಾಝಿನ ಬಳಿಕ ಮಸೀದಿಯ ಮೂಲೆಯಲ್ಲಿ ಅರ್ಧ ತಾಸು ಸಾಕು. ಸ್ತ್ರೀಯರಿಗೆ ಮನೆಯಲ್ಲಿ ನಂಬಿಕಸ್ಥ ಗೆಳತಿಯರು, ನಾದಿನಿಯರು ಆಗಬಹುದು.

ಇಲ್ಲಿ ಒಂದು ಸಂದೇಹ ಬರುತ್ತದೆ. ಅಲ್ಲಾಹನು ಮುಚ್ಚಿದ ಪಾಪವನ್ನು ತಾವೇ ಬಯಲಾಗಿಸುವುದನ್ನು ಪ್ರವಾದಿವರ್ಯರು(ಸ) ಖಂಡಿಸಿಲ್ಲವೇ? ಹೌದು, ಖಂಡಿಸಿದ್ದಾರೆ. ಆದ್ದರಿಂದ ಹಳೆಯ ಪಾಪಗಳ ಕಥೆಯನ್ನೆಲ್ಲ ಬಿಚ್ಚಬೇಕಾಗಿಲ್ಲ. ನನಗೆ ಈ ದೌರ್ಬಲ್ಯವಿದೆ, ಇವತ್ತು ಇಂಥ ಸಂದರ್ಭದಲ್ಲಿ ನಾಲಿಗೆ ಜಾರಿತು, ಜಾರಲು ಕಾರಣ ಭಯ ಅಥವಾ ಹೊಗಳಿಕೆಯ ಆಸೆ, ಇಷ್ಟು ಹೇಳಿದರೆ ಸಾಕು. ಚಿಕಿತ್ಸೆಗಾಗಿ ಹೇಳುವುದೇ ಬೇರೆ, ಜಂಭಕ್ಕಾಗಿ ಹೇಳುವುದೇ ಬೇರೆ. ಆದರೆ ಸುಳ್ಳಿನಿಂದ ಯಾರದಾದರೂ ಹಣ, ಮಾನ ಹೋಗಿದ್ದರೆ ಅದನ್ನು ಅವರಿಗೇ ಸರಿಪಡಿಸಿಕೊಡಬೇಕು. ಗೆಳೆಯರ ಮುಂದೆ ಅತ್ತರೆ ಆ ಋಣ ತೀರುವುದಿಲ್ಲ.

ಎಲ್ಲಕ್ಕಿಂತ ಕಷ್ಟದ ಅಭ್ಯಾಸ ಇನ್ನೊಂದಿದೆ. ಸುಳ್ಳು ಬಾಯಿಂದ ಬಿದ್ದ ಕೂಡಲೇ, "ತಡೆಯಿರಿ, ನಾನು ಹೇಳಿದ್ದು ಸರಿಯಲ್ಲ" ಎಂದು ಅಲ್ಲಿಯೇ ತಿದ್ದಿಕೊಳ್ಳುವುದು. ಮೊದಮೊದಲು ಕತ್ತು ಕೊಯ್ದಷ್ಟು ನಾಚಿಕೆಯಾಗುತ್ತದೆ. ತಕ್ಷಣ ಆಗದಿದ್ದರೆ ಆ ದಿನ ಮುಗಿಯುವುದರೊಳಗೆ ಆಗಲಿ. ಕೇಳಿದವರು ಆಗ ನಗಬಾರದು, ಬೇರೆ ಕಡೆ ಆಡಬಾರದು, ಪತ್ತೇದಾರಿಕೆಯನ್ನೂ ಮಾಡಬಾರದು. ಅನ್ಯರ ಗುಟ್ಟು ಕೆದಕುವುದನ್ನು ಅಲ್‌ಹುಜುರಾತ್ ಅಧ್ಯಾಯ ನಿಷೇಧಿಸಿದೆ. ಮನೆಯವರು ಕೂಡ ನಿಜ ಹೇಳಿದ ದಿನ ಸಿಡುಕಿ, ಸುಳ್ಳು ಹೇಳಿದ ದಿನ ಸುಮ್ಮನಿದ್ದರೆ ಯಾವ ಗೆಳೆಯರ ಕೂಟದಿಂದಲೂ ಪ್ರಯೋಜನವಾಗದು. ಸುಳ್ಳಿನ ಜೊತೆ ಜೂಜು, ಕುಡಿತ ಅಥವಾ ತೀವ್ರ ಖಿನ್ನತೆ ಇದ್ದರೆ ಮನೋವೈದ್ಯರನ್ನು ಕಾಣಲು ಸಂಕೋಚಪಡಬಾರದು.

ಜಾರಿದ ದಿನ ಕೂಟಕ್ಕೆ ಬರಲು ಮನಸ್ಸಾಗುವುದಿಲ್ಲ. ಅಂದೇ ತಪ್ಪದೆ ಬರಬೇಕು, ಬಾರದಿದ್ದರೆ ಉಳಿದವರು ಅವನ ಮನೆಗೆ ಹೋಗಿ ಕರೆತರಬೇಕು.

ಕಅಬ್(ರ) ತೌಬಾದ ದಿನ, ಬದುಕಿರುವಷ್ಟು ಕಾಲ ಸತ್ಯವನ್ನೇ ನುಡಿಯುವೆನೆಂದು ಮಾತು ಕೊಟ್ಟರು. ವೃದ್ಧಾಪ್ಯದಲ್ಲಿ ಅವರ ಕಣ್ಣು ಕಾಣದಾದಾಗ ಮಗ ಅಬ್ದುಲ್ಲಾ ಅವರ ಕೈಹಿಡಿದು ನಡೆಸುತ್ತಿದ್ದರು. ಈ ಕಥೆ ನಮಗೆ ತಲುಪಿದ್ದು ಆ ಮಗನ ಮೂಲಕ. ಅಂದಿನಿಂದ ಇಂದಿನವರೆಗೆ ಬೇಕೆಂದು ಒಂದು ಸುಳ್ಳನ್ನೂ ಹೇಳಿಲ್ಲ, ಉಳಿದ ದಿನಗಳಲ್ಲೂ ಅಲ್ಲಾಹನು ಕಾಪಾಡುವನೆಂಬ ನಿರೀಕ್ಷೆಯಿದೆ ಎಂದು ತಂದೆ ಹೇಳಿದ್ದನ್ನು ಅವರು ವರದಿ ಮಾಡಿದ್ದಾರೆ.