ಮುಂಬಯಿಯ ಚಳಿಗಾಲ ಮತ್ತು ನಮ್ಮ ಆರೋಗ್ಯ

ಧಾರವಾಡದ ಮಾಗಿಯನ್ನೋ ಮಡಿಕೇರಿಯ ಮಂಜನ್ನೋ ಕಂಡವರಿಗೆ ಮುಂಬಯಿಯ ಚಳಿ ಚಳಿಯೆನಿಸಲಾರದು. ಜನವರಿ ತಿಂಗಳಲ್ಲಿ ಸಾಂತಾಕ್ರೂಜ್ ಹವಾಮಾನ ಕೇಂದ್ರದ ಸರಾಸರಿ ಕನಿಷ್ಠ ಉಷ್ಣತೆ ಸುಮಾರು 17 ಡಿಗ್ರಿ ಸೆಲ್ಸಿಯಸ್. 1962ರ ಜನವರಿ 22ರಂದು ಅದು 7.4 ಡಿಗ್ರಿಗೆ ಇಳಿದದ್ದು ಇಂದಿಗೂ ದಾಖಲೆಯಾಗಿ ಉಳಿದಿದೆ. ಆದರೂ ಈ ಅಲ್ಪ ಚಳಿ ನಮ್ಮ ಪಾಲಿಗೆ ದೊಡ್ಡ ಭಾಗ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ, ಅದರ ಬೆನ್ನಿಗೇ ಅಕ್ಟೋಬರ್ ಸೆಕೆ, ಮಾರ್ಚ್‌ನಿಂದ ಮತ್ತೆ ಬೆವರು. ಇವುಗಳ ನಡುವೆ ನವೆಂಬರ್ ಮಧ್ಯದಿಂದ ಫೆಬ್ರವರಿ ಅಂತ್ಯದವರೆಗಿನ ನೂರು ದಿನಗಳೇ ಮೈ ಬಗ್ಗಿಸಿ ಹೊರಗೆ ಓಡಾಡಲು ಈ ನಗರ ನಮಗೆ ಕೊಡುವ ಅವಕಾಶ.

ಊರಿನಲ್ಲಿದ್ದಾಗ ನಮ್ಮ ಹಿರಿಯರಿಗೆ ವ್ಯಾಯಾಮವೆಂಬ ಪ್ರತ್ಯೇಕ ಪದದ ಅಗತ್ಯವೇ ಇರಲಿಲ್ಲ. ಗದ್ದೆ, ತೋಟ, ಬಾವಿಕಟ್ಟೆ, ಸಂತೆ ಇವೇ ಅವರ ವ್ಯಾಯಾಮಶಾಲೆಗಳು. ಇಲ್ಲಿಯ ಜೀವನಕ್ರಮವೇ ಬೇರೆ. ಡೊಂಬಿವಿಲಿಯಿಂದಲೋ ವಿರಾರದಿಂದಲೋ ಹೊರಟವನು ದಿನಕ್ಕೆ ಎರಡು ಮೂರು ಗಂಟೆ ಲೋಕಲ್ ಗಾಡಿಯಲ್ಲಿ ಕಳೆದು, ಎಂಟು ಗಂಟೆ ಕುರ್ಚಿಯಲ್ಲಿ ಕುಳಿತು, ರಾತ್ರಿ ದಣಿದು ಮನೆ ಸೇರುತ್ತಾನೆ. ಈ ದಣಿವು ದುಡಿಮೆಯ ದಣಿವೇ ಹೊರತು ವ್ಯಾಯಾಮದ ದಣಿವಲ್ಲ. ಮಧುಮೇಹ, ರಕ್ತದೊತ್ತಡ ಮತ್ತು ಹೃದ್ರೋಗಗಳು ಇಂಥ ಜೀವನದಲ್ಲಿ ಸದ್ದಿಲ್ಲದೆ ಬೇರು ಬಿಡುತ್ತವೆ. ಆದುದರಿಂದ ಈ ನೂರು ದಿನಗಳನ್ನು ಹೇಗೆ ಬಳಸಬೇಕೆಂಬುದು ಕೇವಲ ವಿನೋದದ ಪ್ರಶ್ನೆಯಲ್ಲ.

ಹಿರಿಯರ ಋತುಚರ್ಯೆ

ಹೇಮಂತ ಋತುವಿನಲ್ಲಿ ಜಠರಾಗ್ನಿ ಪ್ರಬಲವಾಗಿರುವುದೆಂದೂ, ದೇಹಬಲ ಹೆಚ್ಚಿರುವುದೆಂದೂ ಆಯುರ್ವೇದವು ಹೇಳುತ್ತದೆ. ಎಣ್ಣೆಸ್ನಾನ, ವ್ಯಾಯಾಮ, ಸ್ನಿಗ್ಧವಾದ ಆಹಾರ ಇವು ಈ ಕಾಲಕ್ಕೆ ವಿಹಿತವಾದವು. ವ್ಯಾಯಾಮದ ಪ್ರಮಾಣವನ್ನು ಆಧುನಿಕ ವೈದ್ಯಶಾಸ್ತ್ರ ಅಂಕಿಗಳಲ್ಲಿ ಕೊಟ್ಟಿದೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನೂ, ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ನೀಡುವ ವ್ಯಾಯಾಮವನ್ನೂ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆ. ಮಧ್ಯಮ ಶ್ರಮವೆಂದರೆ ಯಾವುದು? ನಡೆಯುತ್ತ ಮಾತನಾಡಲು ಸಾಧ್ಯವಾಗಬೇಕು, ಆದರೆ ಹಾಡಲು ಉಸಿರು ಸಾಲಬಾರದು. ಇದೇ ಸುಲಭದ ಅಳತೆಗೋಲು. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ಬಿರುಸಾಗಿ ನಡೆದರೆ 150 ನಿಮಿಷ ತುಂಬುತ್ತದೆ.

ಯಾವ ಹೊತ್ತಿನಲ್ಲಿ ನಡೆಯಬೇಕು?

ಬ್ರಾಹ್ಮೀ ಮುಹೂರ್ತದಲ್ಲೆದ್ದು ತಂಗಾಳಿಯಲ್ಲಿ ನಡೆಯಬೇಕೆಂಬುದು ನಾವೆಲ್ಲ ಕೇಳಿಕೊಂಡು ಬಂದ ಉಪದೇಶ. ಹಳ್ಳಿಯಲ್ಲಿ ಅದು ಸರಿ. ಇಂದಿನ ಮುಂಬಯಿಯ ಚಳಿಗಾಲದಲ್ಲಿ ಅದನ್ನು ವಿವೇಚನೆಯಿಂದ ಪಾಲಿಸಬೇಕಾಗಿದೆ. ರಾತ್ರಿ ನೆಲ ತಣ್ಣಗಾದಾಗ ಅದರ ಮೇಲಿನ ಗಾಳಿಯೂ ತಣಿದು ಭಾರವಾಗಿ ಕೆಳಗೇ ನಿಲ್ಲುತ್ತದೆ. ಅದರ ಮೇಲಿರುವ ಬೆಚ್ಚನೆಯ ಗಾಳಿ ಪಾತ್ರೆಯ ಮುಚ್ಚಳದಂತೆ ವರ್ತಿಸುತ್ತದೆ. ವಾಹನಗಳ ಹೊಗೆ, ಕಟ್ಟಡ ಕಾಮಗಾರಿಗಳ ಧೂಳು ಮೇಲೇರಲಾರದೆ ನಮ್ಮ ಉಸಿರಿನ ಎತ್ತರದಲ್ಲಿಯೇ ಉಳಿಯುತ್ತವೆ. ಮಳೆಗಾಲದಲ್ಲಿ ಗಾಳಿಯನ್ನು ತೊಳೆಯುವ ಮಳೆಯೂ ಈಗ ಇಲ್ಲ. ಬಿಸಿಲೇರಿ ನೆಲ ಕಾದ ಮೇಲೆ, ಅಪರಾಹ್ನ ಸಮುದ್ರದ ಗಾಳಿ ಬೀಸತೊಡಗಿದ ಮೇಲೆ ಈ ಮುಚ್ಚಳ ಸಡಿಲಗೊಳ್ಳುತ್ತದೆ. ಮುಂಜಾನೆಯ ಮಂಜೆಂದು ನಾವು ಮೆಚ್ಚಿ ನೋಡುವುದು ಎಷ್ಟೋ ವೇಳೆ ಹೊಗೆ ಬೆರೆತ ಮಬ್ಬಾಗಿರುತ್ತದೆ.

ಗಾಳಿಯ ಗುಣಮಟ್ಟದ ಸೂಚ್ಯಂಕ ಈಗ ಪ್ರತಿದಿನ ಪ್ರಕಟವಾಗುತ್ತದೆ. ಅದು 100ರ ಒಳಗಿದ್ದರೆ ಸಾಮಾನ್ಯ ಆರೋಗ್ಯವುಳ್ಳವರು ನಿಶ್ಚಿಂತೆಯಿಂದ ನಡೆಯಬಹುದು. 101ರಿಂದ 200ರವರೆಗೆ ಮಧ್ಯಮ. ಉಬ್ಬಸ ಮತ್ತು ಹೃದ್ರೋಗ ಉಳ್ಳವರು ಎಚ್ಚರದಿಂದಿರಬೇಕು. 200ನ್ನು ದಾಟಿದ ದಿನ ಅಂಥವರು, ವೃದ್ಧರು ಮತ್ತು ಮಕ್ಕಳು ಹೊರಗಿನ ಶ್ರಮವನ್ನು ಬಿಟ್ಟು ಮನೆಯೊಳಗೇ ಯೋಗಾಸನ, ಲಘು ವ್ಯಾಯಾಮ ಮಾಡುವುದು ಲೇಸು. ಹೆದ್ದಾರಿಯ ಬದಿಯಲ್ಲಿ ನಡೆಯುವುದನ್ನು ಎಲ್ಲರೂ ಬಿಡಬೇಕು. ಇನ್ನೊಂದು ಮಾತು: ಚಳಿಗೆ ರಕ್ತನಾಳಗಳು ಸಂಕುಚಿತಗೊಂಡು ರಕ್ತದೊತ್ತಡ ಏರುವುದುಂಟು. ನಡೆಯುವಾಗ ಎದೆ ಬಿಗಿದಂತಾದರೆ, ನೋವು ತೋಳಿಗೋ ದವಡೆಗೋ ಹರಡಿದರೆ ಅದನ್ನು ವಾಯುವೆಂದು ತಳ್ಳಿಹಾಕದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಎಳೆಬಿಸಿಲೋ, ನಡುಹಗಲ ಬಿಸಿಲೋ?

ಮೂಳೆಗಳಿಗೆ ಬೇಕಾದ ಡಿ ಜೀವಸತ್ವವನ್ನು ನಮ್ಮ ಚರ್ಮವು ಬಿಸಿಲಿನಿಂದ ತಯಾರಿಸುತ್ತದೆ. ಬಿಸಿಲಿನ ನಾಡಿನಲ್ಲಿದ್ದೂ ನಗರವಾಸಿಗಳಲ್ಲಿ ಇದರ ಕೊರತೆ ಸಾಮಾನ್ಯವಾಗಿರುವುದು ವಿಪರ್ಯಾಸವೇ ಸರಿ. ಎಳೆಬಿಸಿಲು ಹಿತಕರವಾದರೂ ಅದರಲ್ಲಿ ಈ ಕಾರ್ಯಕ್ಕೆ ಬೇಕಾದ ಕಿರಣಗಳು ಅತ್ಯಲ್ಪ. ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತಿನ ಬಿಸಿಲೇ ಫಲಕಾರಿ. ಡಿಸೆಂಬರ್ ಕೊನೆಯ ಮುಂಬಯಿಯಲ್ಲಿ ಈ ಅವಧಿ ನಡುಹಗಲಿನ ಸುಮಾರು ಎರಡು ಗಂಟೆ ಮಾತ್ರ. ಕಿಟಕಿಯ ಗಾಜು ಆ ಕಿರಣಗಳನ್ನು ತಡೆಯುತ್ತದೆ. ಆದ್ದರಿಂದ ಕಚೇರಿಯಲ್ಲಿರುವವರು ಊಟದ ವಿರಾಮದಲ್ಲಿ ಹದಿನೈದು ನಿಮಿಷ ಹೊರಗೆ ನಡೆದರೆ, ಮನೆಯಲ್ಲಿರುವ ಸೋದರಿಯರು ಗಚ್ಚಿಯ ಮೇಲೆ ಅಷ್ಟು ಹೊತ್ತು ಕಳೆದರೆ ಒಳಿತು. ಮೇ ತಿಂಗಳಲ್ಲಿ ಸಹಿಸಲಾಗದ ಈ ಬಿಸಿಲು ಈಗ ಸಹ್ಯವಾಗಿರುತ್ತದೆ.

ರವಿವಾರದ ಸಂಚಾರ

ಚಿತ್ರಮಂದಿರ ಮತ್ತು ಮಾಲುಗಳು ವರ್ಷವಿಡೀ ಇರುತ್ತವೆ. ಚಳಿಗಾಲದ ರವಿವಾರವನ್ನು ಬಯಲಿಗೆ ಮೀಸಲಿಡೋಣ.

ಬೋರಿವಿಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ನೂರು ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರವಾದ ಅರಣ್ಯ. ಇಷ್ಟು ದೊಡ್ಡ ಕಾಡು ಮಹಾನಗರದ ಮಡಿಲಲ್ಲಿರುವುದು ಜಗತ್ತಿನಲ್ಲಿಯೇ ಅಪರೂಪ. ಮಹಾದ್ವಾರದಿಂದ ಕೆಲವು ಕಿಲೋಮೀಟರು ಒಳಗೆ ಕಾನ್ಹೇರಿಯ ಬೌದ್ಧ ಗುಹೆಗಳಿವೆ. ಕರಿಕಲ್ಲಿನ ಬೆಟ್ಟದಲ್ಲಿ ಶತಮಾನಗಳ ಕಾಲ ಕೊರೆದ ನೂರಕ್ಕೂ ಮಿಕ್ಕಿದ ಗುಹೆಗಳ ಬಳಿ ಮಳೆನೀರನ್ನು ಹಿಡಿದಿಡುವ ತೊಟ್ಟಿಗಳನ್ನು ಮಕ್ಕಳಿಗೆ ತೋರಿಸಬೇಕು. ಮೆಟ್ಟಲು ಹತ್ತಿಳಿಯುವುದರಲ್ಲಿ ವಾರದ ವ್ಯಾಯಾಮದ ದೊಡ್ಡ ಪಾಲು ತೀರುತ್ತದೆ. ಸೋಮವಾರ ಉದ್ಯಾನಕ್ಕೆ ರಜೆ. ಚಿರತೆಗಳಿರುವ ಕಾಡಾದುದರಿಂದ ಕಾಲುದಾರಿ ಬಿಟ್ಟು ಅಡ್ಡಾಡದೆ ಹೊತ್ತು ಮುಳುಗುವ ಮುನ್ನ ಹೊರಬರಬೇಕು.

ಠಾಣೆ ಖಾರಿಗೆ ಚಳಿಗಾಲದಲ್ಲಿ ಬರುವ ಅತಿಥಿಗಳು ರಾಜಹಂಸಗಳು, ಅಂದರೆ ಫ್ಲೆಮಿಂಗೋಗಳು. ಮಳೆ ನಿಂತ ಮೇಲೆ ಸಾವಿರಾರು ಸಂಖ್ಯೆಯಲ್ಲಿ ಬಂದು ಬೇಸಗೆಯವರೆಗೆ ಕೆಸರುಭೂಮಿಯಲ್ಲಿ ಮೇಯುತ್ತವೆ. ಅವುಗಳ ಗುಲಾಬಿ ಬಣ್ಣ ಬರುವುದು ತಿನ್ನುವ ಪಾಚಿಯಿಂದ. 2015ರಲ್ಲಿ ಇಲ್ಲಿ ಅಭಯಾರಣ್ಯ ಘೋಷಣೆಯಾಯಿತು. 2022ರಲ್ಲಿ ಅದು ರಾಮ್‌ಸಾರ್ ಪಟ್ಟಿಗೆ ಸೇರಿತು. ಐರೋಲಿಯಿಂದ ದೋಣಿಯ ವ್ಯವಸ್ಥೆಯಿದೆ. ಹೊರಡುವ ಮುನ್ನ ಭರತ ಇಳಿತಗಳ ವೇಳೆಯನ್ನು ವಿಚಾರಿಸಿಕೊಳ್ಳಬೇಕು. ಕರಾವಳಿಯ ನಮ್ಮವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ದೂರ ಹೋಗಲಾರದವರಿಗೆ ಭಾಯಖಳಾದ ರಾಣೀಬಾಗಿನ ಹಳೆಯ ಮರಗಳ ನೆರಳಿದೆ. ಅದಕ್ಕೆ ಬುಧವಾರ ರಜೆ. ಮಾಟುಂಗಾದ ಸಭೆ ಸಮಾರಂಭಗಳಿಗೆ ಬರುವವರು ಒಂದು ಗಂಟೆ ಮೊದಲೇ ಬಂದು ಅಲ್ಲಿಯ ಪಂಚ ಉದ್ಯಾನಗಳನ್ನು ಸುತ್ತಬಹುದು. ಓಟಗಾರರಿಗೆ 2004ರಲ್ಲಿ ಆರಂಭವಾದ, ಜನವರಿಯಲ್ಲಿ ನಡೆಯುವ ಮುಂಬಯಿ ಮ್ಯಾರಥಾನ್ ಇದೆ. ಆದರೆ ತಿಂಗಳುಗಟ್ಟಲೆ ಅಭ್ಯಾಸವಿಲ್ಲದೆ ಹುರುಪಿನಿಂದ ದೀರ್ಘ ಓಟಕ್ಕಿಳಿಯುವುದು ಅಪಾಯಕರ.

ಕಾಲಕ್ಕೆ ತಕ್ಕ ಆಹಾರ

ಈ ನಗರದ ಚಳಿಗಾಲದ ಮಾರುಕಟ್ಟೆ ಹಲವು ನಾಡುಗಳ ಸಂಗಮ. ಗುಜರಾತಿಗಳ ಪೋಂಕ್ ಬೇರಾವುದೂ ಅಲ್ಲ, ಉತ್ತರ ಕರ್ನಾಟಕದವರು ಹೊಲದಲ್ಲಿ ಸುಟ್ಟು ತಿನ್ನುವ ಸೀತನಿಯೇ. ಅವರ ಊಂಧಿಯುವಿನ ಪಾಪಡಿ ನಮ್ಮ ಅವರೆಯ ಬಳಗದ್ದೇ. ಹಸಿ ಬಟಾಣಿ, ಗಜ್ಜರಿ, ಮೆಂತ್ಯಸೊಪ್ಪು, ನೆಲ್ಲಿಕಾಯಿ ಇವು ಅಗ್ಗವಾಗಿ ಸಿಗುವ ಕಾಲವಿದು. ಸಂಕ್ರಾಂತಿಯ ಎಳ್ಳು-ಬೆಲ್ಲ, ಮರಾಠಿಗರ ತಿಳಗುಳ ಎರಡರಲ್ಲಿಯೂ ಎಳ್ಳಿನ ಸುಣ್ಣಾಂಶ ಮೂಳೆಗೆ ಹಿತ; ಮಧುಮೇಹಿಗಳು ಮಾತ್ರ ನಾಲಗೆಯನ್ನು ಹಿಡಿತದಲ್ಲಿಡಬೇಕು. ಬಾಯಾರಿಕೆ ಕಡಿಮೆಯೆಂದು ನೀರು ಕುಡಿಯುವುದನ್ನು ಮರೆಯಬಾರದು.

ಹಿರಿಯರು ಮತ್ತು ನಮ್ಮ ಸಂಘಗಳು

ಊರಿನಿಂದ ಮಗನ ಮನೆಗೆ ಬಂದ ತಂದೆತಾಯಂದಿರ ಸ್ಥಿತಿಯನ್ನು ಯೋಚಿಸಿರಿ. ಏಳನೆಯ ಮಾಳಿಗೆ, ಮುಚ್ಚಿದ ಬಾಗಿಲು, ತಿಳಿಯದ ಭಾಷೆ. ಮಗ ಸೊಸೆ ಇಬ್ಬರೂ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ. ಅವರಿಗೆ ಕಾಲುನೋವಿಗಿಂತ ಕಠಿಣವಾದುದು ಮಾತನಾಡುವವರಿಲ್ಲದ ದಿನ. ವೈದ್ಯರ ಚೀಟಿಯಲ್ಲಿ ಇದಕ್ಕೆ ಮದ್ದಿಲ್ಲ. ರಾಜ್ಯೋತ್ಸವ, ನಾಟಕ, ಕ್ರೀಡಾಕೂಟಗಳನ್ನು ಚಳಿಗಾಲದಲ್ಲಿ ಸಂಭ್ರಮದಿಂದ ನಡೆಸುವ ನಮ್ಮ ಸಂಘಗಳು ಪ್ರತಿ ಉಪನಗರದಲ್ಲಿ ವಾರಕ್ಕೊಮ್ಮೆ ಹಿರಿಯರ ನಡಿಗೆಯ ಕೂಟವೊಂದನ್ನು ಏರ್ಪಡಿಸಬಹುದು. ಹತ್ತು ಜನ, ಒಂದು ಉದ್ಯಾನ, ಒಂದು ಗಂಟೆ ಕನ್ನಡದ ಮಾತು ಇಷ್ಟಿದ್ದರೆ ಸಾಕು. ಇದಕ್ಕೆ ನಿಧಿಸಂಗ್ರಹ ಬೇಡ, ಸಭಾಗೃಹ ಬೇಡ; ಕರೆದೊಯ್ಯುವ ಒಬ್ಬ ತರುಣ ಅಥವಾ ತರುಣಿ ಬೇಕು.

ಸಾರಾಂಶವಿಷ್ಟೆ: ಗಾಳಿ ನೋಡಿ ನಡೆಯಿರಿ, ನೆರಳು ನೋಡಿ ಬಿಸಿಲಿಗೆ ನಿಲ್ಲಿರಿ, ಋತು ನೋಡಿ ಉಣ್ಣಿರಿ, ಹಿರಿಯರನ್ನು ಜೊತೆಗೆ ಕರೆದುಕೊಳ್ಳಿರಿ. ಈ ನೂರು ದಿನಗಳಲ್ಲಿ ಬೆಳೆಸಿಕೊಂಡ ಅಭ್ಯಾಸವು ಉಳಿದ ದಿನಗಳಿಗೂ ನಮ್ಮನ್ನು ಕಾಯುವುದು.