ಮೆಣಸು ಕೊಯ್ಯುವ ಏಣಿ

ದುಬಾರೆ ಅಂದರೆ ಹೊರಗಿನವರಿಗೆ ಆನೆ ಶಿಬಿರ, ಕಾವೇರಿ, ದೋಣಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸುತ್ತಲಿನ ಕಾಫಿ ತೋಟಗಳಲ್ಲಿ ಕಾಣುವುದು ಏಣಿಗಳು. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ 20-30 ಅಡಿ ಏರಿರುತ್ತದೆ. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದರೆ ಕೊಯ್ಯಬೇಕು, ತಡವಾದರೆ ಉದುರಿಹೋಗುತ್ತದೆ. ನಮ್ಮ ಮಾಮು ಪ್ರತಿ ವರ್ಷ ಈ ಕೆಲಸಕ್ಕೆ ಹೋಗುತ್ತಾರೆ. (ಮನೆಯಲ್ಲಿ ನಾವು ಏಣಿಗೆ ಸೀಡಿ ಅನ್ನುತ್ತೇವೆ.) ಇಲ್ಲಿ ಬರೆದಿರುವುದರಲ್ಲಿ ಬಹುಪಾಲು ಅವರಿಂದ ಕೇಳಿದ್ದು.

ಹಿಂದೆ ಎಲ್ಲ ಕಡೆ ಬಿದಿರಿನ ಏಣಿಯೇ ಇತ್ತು. ಈಗ ಅಲ್ಯೂಮಿನಿಯಂ ಬಂದಿದೆ. ಅದು ಹಗುರ, ಹುಳು ಹಿಡಿಯುವುದಿಲ್ಲ, ಆದರೆ ವಿದ್ಯುತ್ ಹರಿಸುತ್ತದೆ. ತೋಟಗಳ ನಡುವೆ 11,000 ವೋಲ್ಟ್ ತಂತಿಗಳು ಹಾದುಹೋಗುತ್ತವೆ. ಕೊಡಗು, ಚಿಕ್ಕಮಗಳೂರು ತೋಟಗಳಲ್ಲಿ ಏಣಿ ತಂತಿಗೆ ತಗುಲಿ ಕಾರ್ಮಿಕರು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಹತ್ತುವಾಗಷ್ಟೇ ಅಲ್ಲ, ಏಣಿಯನ್ನು ನೆಟ್ಟಗೆ ನಿಲ್ಲಿಸಿಕೊಂಡು ಒಂದು ಮರದಿಂದ ಇನ್ನೊಂದಕ್ಕೆ ಸಾಗಿಸುವಾಗಲೂ ಅಪಾಯ. ಎಲೆಗಳ ಮರೆಯಲ್ಲಿ ತಂತಿ ಕಾಣುವುದೇ ಇಲ್ಲ. ಆದ್ದರಿಂದ ಏಣಿಯನ್ನು ಮಲಗಿಸಿ, ಇಬ್ಬರು ಹಿಡಿದು ಸಾಗಿಸಬೇಕು. ತಂತಿ ಹತ್ತಿರವಿರುವ ಮರವಾದರೆ ಮೊದಲೇ ಸೆಸ್ಕ್ ಕಚೇರಿಗೆ ಹೇಳಿ ಲೈನ್ ಆಫ್ ಮಾಡಿಸಬೇಕು. ಬಿದಿರಾದರೆ ಭಯವಿಲ್ಲ ಎಂದುಕೊಳ್ಳಬೇಡಿ, ಒದ್ದೆ ಬಿದಿರೂ ಕರೆಂಟ್ ಹರಿಸುತ್ತದೆ.

ಇಡುವುದಕ್ಕೂ ಲೆಕ್ಕವಿದೆ. 4 ಅಡಿ ಎತ್ತರಕ್ಕೆ 1 ಅಡಿ ದೂರ. ಏಣಿಯ ತುದಿ 20 ಅಡಿ ಎತ್ತರದಲ್ಲಿ ಮರಕ್ಕೆ ಒರಗಿದರೆ ಬುಡ ಮರದಿಂದ 5 ಅಡಿ ದೂರ ಇರಬೇಕು. ಗೋಡೆಯಾದರೆ ಇಷ್ಟು ಸಾಕು. ಮರ ದುಂಡಗಿರುವುದರಿಂದ ತುದಿ ಪಕ್ಕಕ್ಕೆ ಜಾರುತ್ತದೆ, ಹಾಗಾಗಿ ಹಗ್ಗದಿಂದ ಕಾಂಡಕ್ಕೆ ಕಟ್ಟಬೇಕು. ಕಟ್ಟುವವರೆಗೆ ಒಬ್ಬರು ಬುಡ ಹಿಡಿದಿರಬೇಕು. ಕೊಂಬೆಗೆ ಒರಗಿಸಲೇಬಾರದು, ಸಿಲ್ವರ್ ಓಕ್ ಕೊಂಬೆ ಬೇಗ ಮುರಿಯುತ್ತದೆ. ಬುಡದಲ್ಲಿ ತರಗೆಲೆ ಇದ್ದರೆ ಸರಿಸಿ ಮಣ್ಣಿನ ಮೇಲೆ ಊರಬೇಕು. ಹೊಕ್ಕುಳು ಏಣಿಯ ಎರಡು ಕಾಲುಗಳ ನಡುವೆಯೇ ಇರಬೇಕು. ಅದು ಆಚೆ ಹೋಯಿತೆಂದರೆ ವಾಲಿದ್ದು ಜಾಸ್ತಿಯಾಯಿತು ಎಂದೇ ಅರ್ಥ.

ಇದೆಲ್ಲ ಕೊಯ್ಯುವವರಿಗೆ ಗೊತ್ತಿಲ್ಲವೇ? ಗೊತ್ತು. ಮತ್ತೆ ಯಾಕೆ ವಾಲುತ್ತಾರೆ? ವಾಣಿಜ್ಯ ವಿಭಾಗದವನಾದ ನನಗೆ ಉತ್ತರ ಕೂಲಿಯಲ್ಲಿ ಕಾಣುತ್ತದೆ. ಮೆಣಸು ಕೊಯ್ಲಿಗೆ ಅನೇಕ ಕಡೆ ಕೆಜಿ ಲೆಕ್ಕದಲ್ಲಿ ಕೂಲಿ. ಇಳಿದು, ಹಗ್ಗ ಬಿಚ್ಚಿ, ಏಣಿ ಸರಿಸಿ, ಕಟ್ಟಿ, ಹತ್ತಲು 5 ನಿಮಿಷ ಎಂದಿಟ್ಟುಕೊಳ್ಳೋಣ. ದಿನಕ್ಕೆ 24 ಸಲವಾದರೆ 2 ಗಂಟೆ. ಆ 2 ಗಂಟೆಯಲ್ಲಿ ಒಂದು ಕಾಳೂ ಚೀಲಕ್ಕೆ ಬೀಳುವುದಿಲ್ಲ, ಒಂದು ಪೈಸೆಯೂ ಬರುವುದಿಲ್ಲ. ಕೈ ಚಾಚಿದರೆ ಸಿಗುವ ಗೊಂಚಲನ್ನು ಬಿಟ್ಟು ಯಾರು ಇಳಿಯುತ್ತಾರೆ? ಬುಡ ಹಿಡಿಯುವವರ ಕಥೆಯೂ ಅದೇ, ಅವರು ಕೊಯ್ಯುವುದೇ ಇಲ್ಲವಲ್ಲ. ಬುಡ ಹಿಡಿಯುವವರಿಗೆ ದಿನಗೂಲಿ ಬೇರೆ ಕೊಡಬೇಕು, ಏಣಿ ಸರಿಸುವ ಸಮಯವನ್ನೂ ದರದಲ್ಲಿ ಸೇರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಸವಕಳಿ ಪಾಠದಲ್ಲಿ ಆಸ್ತಿಗೆ ಇಷ್ಟು ವರ್ಷ ಆಯುಷ್ಯ ಎಂದು ಮೊದಲೇ ಬರೆಯುತ್ತೇವೆ. ಏಣಿಗೆ ಆ ಲೆಕ್ಕ ನಡೆಯದು. ಮಳೆಯಲ್ಲಿ ಬಿಟ್ಟ ಬಿದಿರು ಒಂದೇ ವರ್ಷಕ್ಕೆ ಹಾಳು. ಶೆಡ್ಡಿನೊಳಗೆ ನೆಲ ತಾಗದಂತೆ ಅಡ್ಡ ಮಲಗಿಸಿಟ್ಟರೆ ಬಾಳುತ್ತದೆ. ಬಣ್ಣ ಬಳಿಯಬಾರದು, ಬಿರುಕು ಮುಚ್ಚಿಹೋಗುತ್ತದೆ. ಏಣಿಯ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಒಳಗೆ ಹುಳುವಿದೆ. ಅಲ್ಯೂಮಿನಿಯಂ ಆದರೆ ಕಾಲಿನ ರಬ್ಬರ್, ಮೆಟ್ಟಿಲಿನ ರಿವೆಟ್ ನೋಡಬೇಕು. ಬಾಗಿದ್ದನ್ನು ಬಡಿದು ನೇರ ಮಾಡಿ ಬಳಸಬಾರದು.

ಕೆಟ್ಟ ಏಣಿಯನ್ನು ಮೂಲೆಯಲ್ಲಿಟ್ಟರೆ ಅವಸರದ ದಿನ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ. ಅದಕ್ಕೇ ಮಾಮು ಬಿದಿರಿನದಾದರೆ ಅವತ್ತೇ ಕಡಿದು ಒಲೆಗೆ ಹಾಕುತ್ತಾರೆ.